ಕಡ ತಂದ ಪಾತ್ರೆ, ಕಂಪ್ಯೂಟರಿನ ಉಗ್ರಾಣಿ

1992ರ ನವೆಂಬರ್ 4. ಲಂಡನ್ ನಗರದಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು. ಆಂಬುಲೆನ್ಸ್ ಸೇವೆಯ ನಿಯಂತ್ರಣ ಕೊಠಡಿಯಲ್ಲಿದ್ದ ಕಂಪ್ಯೂಟರ್ ವ್ಯವಸ್ಥೆ ಇದ್ದಕ್ಕಿದ್ದಂತೆ ನಿಧಾನವಾಯಿತು. ಸ್ವಲ್ಪ ಹೊತ್ತಿಗೆ ಪೂರ್ತಿ ನಿಂತೇಹೋಯಿತು. ಯಾವ ಬೀದಿಗೆ ಯಾವ ಆಂಬುಲೆನ್ಸ್ ಕಳಿಸಬೇಕು ಎಂದು ಗೊತ್ತುಮಾಡುತ್ತಿದ್ದ ವ್ಯವಸ್ಥೆ ಅದು. ಸಿಬ್ಬಂದಿ ಮತ್ತೆ ಕಾಗದ, ಪೆನ್ನು ಹಿಡಿದು ಹಳೆಯ ಪದ್ಧತಿಗೇ ಮರಳಬೇಕಾಯಿತು.

ಆಮೇಲೆ ವಿಚಾರಣೆ ನಡೆಯಿತು. ಸಿಡಿಲು ಬಡಿದಿರಲಿಲ್ಲ, ಕರೆಂಟು ಹೋಗಿರಲಿಲ್ಲ. ಸುಮಾರು ಮೂರು ವಾರಗಳ ಹಿಂದೆ ತಂತ್ರಾಂಶಕ್ಕೆ ಏನೋ ಸಣ್ಣ ಕೆಲಸ ಮಾಡಿದಾಗ, ತೆಗೆದುಹಾಕಬೇಕಿದ್ದ ಒಂದು ತುಣುಕು ಅಲ್ಲೇ ಉಳಿದುಬಿಟ್ಟಿತ್ತು. ಒಂದೊಂದು ಆಂಬುಲೆನ್ಸನ್ನು ಕಳಿಸಿದಾಗಲೂ ಆ ತುಣುಕು ಕಂಪ್ಯೂಟರಿನ ನೆನಪಿನಿಂದ, ಅಂದರೆ ಮೆಮೊರಿಯಿಂದ, ಒಂದು ಚೂರು ಜಾಗವನ್ನು ತೆಗೆದುಕೊಳ್ಳುತ್ತಿತ್ತು. ಹಿಂದಿರುಗಿಸುತ್ತಿರಲಿಲ್ಲ. ಮೂರು ವಾರ ಕಳೆಯುವ ಹೊತ್ತಿಗೆ ಜಾಗವೆಲ್ಲ ಖಾಲಿ!

ತೆಗೆದುಕೊಂಡದ್ದನ್ನು ತಿರುಗಿ ಕೊಡಲಿಲ್ಲ, ಅಷ್ಟೇ. ಒಂದು ಮಹಾನಗರದ ಆಂಬುಲೆನ್ಸ್ ವ್ಯವಸ್ಥೆ ಮಲಗಲು ಅಷ್ಟು ಸಾಕಾಯಿತು. ಮಕ್ಕಳೇ, ಪಕ್ಕದ ಮನೆಯಿಂದ ಕಡ ತಂದದ್ದನ್ನು ಹಿಂದಿರುಗಿಸು ಎಂದು ಅಜ್ಜಿ ಪದೇಪದೇ ಹೇಳುತ್ತಾರಲ್ಲ, ಆ ಮಾತು ಕಂಪ್ಯೂಟರಿಗೂ ಅನ್ವಯಿಸುತ್ತದೆ. ಇವತ್ತು ನಮ್ಮ ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ, ಮೊಬೈಲಿನಲ್ಲಿ ಈ ಕೊಡು-ಕೊಳ್ಳುವ ಲೆಕ್ಕವನ್ನು ಯಾರು ಇಡುತ್ತಾರೆ? ಅದರ ಕಥೆ ಇಲ್ಲಿದೆ.

ಬಸ್ಸಿಲ್ಲದ ಡ್ರೈವರ್

ಕಂಪ್ಯೂಟರಿನೊಳಗೂ ಡ್ರೈವರುಗಳಿದ್ದಾರೆ! ಸ್ಟಿಯರಿಂಗ್ ಹಿಡಿಯುವವರಲ್ಲ. ಕಂಪ್ಯೂಟರಿಗೆ ಜೋಡಿಸಿದ ಒಂದೊಂದು ಯಂತ್ರದ ಭಾಷೆ ಒಂದೊಂದು ಥರ. ಪ್ರಿಂಟರಿನದು ಒಂದು, ಕ್ಯಾಮೆರಾದ್ದು ಇನ್ನೊಂದು, ಇಂಟರ್ನೆಟ್ಟಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡಿನದು ಮತ್ತೊಂದು. ಆಯಾ ಯಂತ್ರದ ಭಾಷೆ ಬಲ್ಲ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಇವರೆಲ್ಲರ ಮೇಲಿನ ಯಜಮಾನ ಆಪರೇಟಿಂಗ್ ಸಿಸ್ಟಮ್. ಜಾಗ, ಸಮಯ, ಯಂತ್ರಗಳು ಎಲ್ಲವೂ ಆತನ ವಶದಲ್ಲಿರುತ್ತವೆ. ಯಾರಿಗೆ ಏನು ಬೇಕೋ ಆತನನ್ನೇ ಕೇಳಿ ಪಡೆಯಬೇಕು.

ಅಂಥ ಒಂದು ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ 1991ರಲ್ಲಿ ಅದನ್ನು ಶುರುಮಾಡಿದ. ಅದರ ಒಳಗುಟ್ಟು ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಆಂಡ್ರಾಯ್ಡ್ ಮೊಬೈಲುಗಳ ಹೊಟ್ಟೆಯಲ್ಲಿರುವುದು ಲಿನಕ್ಸ್. ಮನೆಯ ವೈಫೈ ಪೆಟ್ಟಿಗೆಗಳಲ್ಲಿ ಅನೇಕವು ನಡೆಯುವುದೂ ಅದರಿಂದಲೇ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ.

ಮದುವೆ ಮನೆಯ ಸಾಮಾನು

ನೆಟ್‌ವರ್ಕ್ ಡ್ರೈವರ್ ಕೆಲಸ ಶುರುಮಾಡುವುದೆಂದರೆ ಹಿಂದಿನ ಕಾಲದಲ್ಲಿ ಮನೆಯ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದಂತೆ. ಅಜ್ಜಂದಿರಿಗೆ ನೆನಪಿರುತ್ತದೆ. ಕೊಪ್ಪರಿಗೆ, ಕೊಳಗ, ಜಮಖಾನ, ಪೆಟ್ರೋಮ್ಯಾಕ್ಸ್ ದೀಪ ಎಲ್ಲವೂ ಬೇರೆ ಕಡೆಯಿಂದ ಬರಬೇಕು. ಕೆಲಸ ಮುಗಿದ ಮೇಲೆ ಎಲ್ಲವೂ ಹೋಗಬೇಕು.

ಡ್ರೈವರ್ ಏನೇನು ತರುತ್ತದೆ, ಒಂದೊಂದಾಗಿ ನೋಡೋಣ.

ಮೊದಲು, ತನ್ನ ಲೆಕ್ಕಪತ್ರ ಬರೆದುಕೊಳ್ಳಲು ಒಂದಿಷ್ಟು ಮೆಮೊರಿ. ಇದು ಮದುವೆಗೆ ಜಾಗ ಹಿಡಿದಂತೆ.

ಎರಡನೆಯದು, ಕಾರ್ಡಿನೊಳಗಿನ ಸ್ವಿಚ್ಚುಗಳನ್ನು ಮುಟ್ಟಲು ದಾರಿ. ಕಾರ್ಡಿನ ಒಂದೊಂದು ಸ್ವಿಚ್ಚಿಗೂ ಒಂದು ವಿಳಾಸ ಇರುತ್ತದೆ. ಯಜಮಾನನ ಅಪ್ಪಣೆ ಪಡೆದೇ ಅಲ್ಲಿಗೆ ಕೈ ಹಾಕಬೇಕು.

ಮೂರನೆಯದು, ಎಲೆ ಹಾಕುವುದು! ಹೌದು, ಪಂಕ್ತಿಯ ಊಟದಲ್ಲಿ ಬಡಿಸುವವರು ಬರುವ ಮೊದಲೇ ಸಾಲಾಗಿ ಬಾಳೆಎಲೆ ಹಾಕಿರಬೇಕಲ್ಲ? ಇಂಟರ್ನೆಟ್ಟಿನಿಂದ ಬರುವ ಮಾಹಿತಿ ಪೊಟ್ಟಣಗಳಾಗಿ ಬರುತ್ತದೆ. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 1500 ಬೈಟ್ ಮಾಹಿತಿ ಹಿಡಿಸುತ್ತದೆ. ಅವನ್ನು ಇಟ್ಟುಕೊಳ್ಳಲು ಮೆಮೊರಿಯಲ್ಲಿ ಖಾಲಿ ಎಲೆಗಳ ಸಾಲನ್ನು ಡ್ರೈವರ್ ಮೊದಲೇ ಹಾಸಿರುತ್ತದೆ. ಕಾರ್ಡು ಯಾರನ್ನೂ ಕೇಳದೆ ನೇರವಾಗಿ ಅಲ್ಲಿಗೇ ಬಡಿಸುತ್ತಾ ಹೋಗುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ತಂತಿ ಭರ್ತಿಯಾಗಿ ಹರಿದರೆ ಅಂಥ ದೊಡ್ಡ ಪೊಟ್ಟಣಗಳು ಸೆಕೆಂಡಿಗೆ ಸುಮಾರು 81,000 ಬರುತ್ತವೆ. ಎಂಥ ಪಂಕ್ತಿ ನೋಡಿ!

ನಾಲ್ಕನೆಯದು, ಒಂದು ಗಂಟೆ. ಪೊಟ್ಟಣ ಬಂದಾಗ ಕಾರ್ಡು ಗಂಟೆ ಬಾರಿಸಿ ಎಚ್ಚರಿಸುತ್ತದೆ. ಇದನ್ನು ಇಂಟರಪ್ಟ್ ಎನ್ನುತ್ತಾರೆ.

ಐದನೆಯದು, ಬಾಗಿಲು ತೆರೆಯುವುದು. ಇನ್ನು ನಾನು ಸಿದ್ಧ ಎಂದು ಡ್ರೈವರ್ ತನ್ನ ಹೆಸರನ್ನು ನೋಂದಾಯಿಸುತ್ತದೆ. ಆಮೇಲೆಯೇ ಅಜ್ಜಿಗೆ ಮೊಮ್ಮಗಳ ವಿಡಿಯೊ ಕರೆ.

ಮೂರು ಬಗೆಯ ಎಡವಟ್ಟು

ಕಾರ್ಡನ್ನು ಕಿತ್ತಾಗ ಅಥವಾ ಡ್ರೈವರನ್ನು ನಿಲ್ಲಿಸಿದಾಗ ಇವೆಲ್ಲವನ್ನೂ ಹಿಂದಿರುಗಿಸಬೇಕು. ಅದೂ ತಿರುಗುಮುರುಗಾಗಿ. ಕೊನೆಗೆ ತಂದದ್ದು ಮೊದಲು ಹೋಗಬೇಕು. ಮೊದಲು ಬಾಗಿಲು ಮುಚ್ಚು, ಆಮೇಲೆ ಗಂಟೆ ಬಿಚ್ಚು, ಆಮೇಲೆ ಎಲೆ ಎತ್ತು. ಬಡಿಸುವವರು ಇನ್ನೂ ಸಾಲಿನಲ್ಲಿರುವಾಗಲೇ ಎಲೆ ಎತ್ತಿದರೆ ಬಿಸಿ ಸಾರು ಎಲ್ಲಿಗೆ ಬೀಳುತ್ತದೆ, ಯೋಚಿಸಿ!

ಇಲ್ಲಿ ಮೂರು ಎಡವಟ್ಟುಗಳಾಗಬಹುದು.

ಒಂದು, ಹಿಂದಿರುಗಿಸಲು ಮರೆಯುವುದು. ಲಂಡನ್ನಿನಲ್ಲಿ ಆದದ್ದು ಇದೇ. ಇದಕ್ಕೆ ಮೆಮೊರಿ ಸೋರಿಕೆ ಎನ್ನುತ್ತಾರೆ. ಹನಿ ಸಣ್ಣದೇ, ಆದರೆ ನಲ್ಲಿ ನಿಲ್ಲುವುದಿಲ್ಲ. ಮಕ್ಕಳೇ, ಒಂದು ಲೆಕ್ಕ ಮಾಡಿ. ಸೆಕೆಂಡಿಗೆ ಬರೀ 100 ಬೈಟ್ ಸೋರುತ್ತಿದೆ ಅಂದುಕೊಳ್ಳಿ. 100 ಬೈಟ್ ಅಂದರೆ ಕನ್ನಡದ ಒಂದು ಪುಟ್ಟ ವಾಕ್ಯ ಬರೆಯಲು ಬೇಕಾಗುವಷ್ಟು ಜಾಗ. ದಿನಕ್ಕೆ 86,400 ಸೆಕೆಂಡು. ಅಲ್ಲಿಗೆ ದಿನಕ್ಕೆ 86,40,000 ಬೈಟ್ ಹೋಯಿತು. 64 ಮೆಗಾಬೈಟ್, ಅಂದರೆ ಸುಮಾರು 6 ಕೋಟಿ 40 ಲಕ್ಷ ಬೈಟ್ ಮೆಮೊರಿಯ ಪೆಟ್ಟಿಗೆ ಎಷ್ಟು ದಿನ ತಾಳೀತು? ಎಂಟನೆಯ ದಿನಕ್ಕೆ ಅದರ ಉಸಿರು ಕಟ್ಟುತ್ತದೆ.

ಎರಡು, ಅವಸರದಲ್ಲಿ ಮೊದಲೇ ಹಿಂದಿರುಗಿಸಿ, ಆಮೇಲೂ ಬಳಸುವುದು. ಹಿಂದಿರುಗಿಸಿದ ಜಾಗವನ್ನು ಯಜಮಾನ ಅಷ್ಟರಲ್ಲಿ ಇನ್ನೊಬ್ಬರಿಗೆ ಕೊಟ್ಟಿರುತ್ತಾನೆ. ಅವರ ಎಲೆಗೆ ನಾವು ಬಡಿಸಿದಂತಾಗುತ್ತದೆ. ಇದು ಸೋರಿಕೆಗಿಂತ ಅಪಾಯ. ಯಂತ್ರ ಕುಸಿಯಬಹುದು. ಕಳ್ಳರು ಕಂಪ್ಯೂಟರಿಗೆ ನುಗ್ಗುವುದೂ ಎಷ್ಟೋ ಸಲ ಇಂಥ ಸಂದಿಯಿಂದಲೇ.

ಮೂರು, ಒಂದೇ ವಸ್ತುವನ್ನು ಎರಡು ಸಲ ಹಿಂದಿರುಗಿಸುವುದು. ಪಾತ್ರೆಯ ಅಂಗಡಿಯವನಾದರೆ ನಕ್ಕು ಸುಮ್ಮನಾದಾನು. ಕಂಪ್ಯೂಟರಿನಲ್ಲಿ ಲೆಕ್ಕದ ಪುಸ್ತಕವೇ ಕೆಟ್ಟುಹೋಗುತ್ತದೆ.

ಇಂಟರ್ನೆಟ್ ನಿಂತಾಗ ಪೆಟ್ಟಿಗೆಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ಎಲ್ಲರೂ ಹೇಳುವುದುಂಟು. ಅಜ್ಜಿಯರಿಗೂ ಈ ಉಪಾಯ ಈಗ ಕರಗತ. ಅದು ಏಕೆ ಫಲಿಸುತ್ತದೆ ಗೊತ್ತೇ? ಕಾರಣ ಹಲವು ಇರಬಹುದು. ಸೋರಿಕೆಯೂ ಅವುಗಳಲ್ಲಿ ಒಂದು. ಕರೆಂಟು ಹೋದೊಡನೆ ಮೆಮೊರಿ ಬರಿದಾಗುತ್ತದೆ. ಯಾರ್ಯಾರೋ ಹಿಡಿದಿಟ್ಟುಕೊಂಡಿದ್ದ ಜಾಗವೆಲ್ಲ ಒಂದೇ ಸಲ ಯಜಮಾನನ ಕೈಗೆ ಮರಳುತ್ತದೆ. ಮನೆಯಲ್ಲಿ ಇದು ಸರಿ. ಆದರೆ ಆಸ್ಪತ್ರೆಯಲ್ಲಿ, ರೈಲು ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ ಹೀಗೆ ಆಫ್ ಮಾಡಿ ಆನ್ ಮಾಡುತ್ತಾ ಕೂರಲಾದೀತೇ?

ಉಗ್ರಾಣಿ ಬಂದ

ಲಿನಕ್ಸ್ ಬರೆದಿರುವುದು ಹೆಚ್ಚಾಗಿ ಸಿ ಎಂಬ ಭಾಷೆಯಲ್ಲಿ. ಅದು ವೇಗದ ಭಾಷೆ, ಆದರೆ ಬಿಟ್ಟಿದ್ದನ್ನು ಎತ್ತಿಡುವ ಅಭ್ಯಾಸ ಅದಕ್ಕಿಲ್ಲ. ತಂದವರೇ ನೆನಪಿಟ್ಟು ಕೊಡಬೇಕು. ಅದರಲ್ಲೂ ಕೆಲಸ ಅರ್ಧಕ್ಕೇ ನಿಂತರೆ ಇನ್ನೂ ಕಷ್ಟ. ಮೂರು ಸಾಮಾನು ಬಂದಾಗಿದೆ, ನಾಲ್ಕನೆಯದು ಸಿಗಲಿಲ್ಲ, ಮುಹೂರ್ತ ಮುಂದಕ್ಕೆ ಹೋಯಿತು. ಆಗ ಬಂದ ಮೂರನ್ನಷ್ಟೇ ಕೊಡಬೇಕು. ಎರಡೇ ಬಂದಿದ್ದರೆ ಎರಡನ್ನಷ್ಟೇ. ಪ್ರೋಗ್ರಾಮರುಗಳು ಇದಕ್ಕಾಗಿ ಒಂದು ಏಣಿಯನ್ನೇ ಬರೆದಿಡುತ್ತಿದ್ದರು. ಎಲ್ಲಿ ಎಡವಿದೆವೋ ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಒಂದೊಂದನ್ನೇ ಹಿಂದಿರುಗಿಸುವ ಏಣಿ. ಒಂದು ಮೆಟ್ಟಿಲು ತಪ್ಪಿದರೂ ಸೋರಿಕೆ. ಕಾರ್ಡುಗಳು ಸಾಮಾನ್ಯವಾಗಿ ಸರಿಯಾಗಿಯೇ ಶುರುವಾಗುವುದರಿಂದ ಆ ಏಣಿಯನ್ನು ಯಾರೂ ಇಳಿದು ನೋಡುತ್ತಿರಲಿಲ್ಲ. ಮುರಿದ ಮೆಟ್ಟಿಲು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತಿತ್ತು.

2007ರಲ್ಲಿ ತೇಜುನ್ ಹೋ ಎಂಬ ಪ್ರೋಗ್ರಾಮರ್ ಇದಕ್ಕೊಂದು ದಾರಿ ಹುಡುಕಿದರು. ಅವರು ಆಗ ಕೆಲಸ ಮಾಡುತ್ತಿದ್ದುದು ಹಾರ್ಡ್ ಡಿಸ್ಕ್ ಡ್ರೈವರುಗಳ ಮೇಲೆ. ಒಂದು ಸಾಧಾರಣ ಡಿಸ್ಕ್ ನಿಯಂತ್ರಕಕ್ಕೇ ಐದು ವಿಳಾಸ-ಪಟ್ಟಿಗಳನ್ನು ನೆನಪಿಟ್ಟು ಹಿಂದಿರುಗಿಸಬೇಕಿತ್ತು. ದಿನವಿಡೀ ಹಟಮಾರಿ ಯಂತ್ರದೊಂದಿಗೆ ಗುದ್ದಾಡಿದ ಡ್ರೈವರ್ ಬರಹಗಾರರು, ಅದು ಒಮ್ಮೆ ಓಡಿದರೆ ಸಾಕಪ್ಪಾ ಎಂದು ಎದ್ದುಬಿಡುತ್ತಾರೆ ಎಂದು ಅವರು ತಮಾಷೆಯಾಗಿ ಬರೆದಿದ್ದಾರೆ. ಆದ್ದರಿಂದ ಹಿಂದಿರುಗಿಸುವ ಕೆಲಸವನ್ನು ಅವರ ತಲೆಯಿಂದ ಇಳಿಸಿಬಿಡೋಣ ಎಂಬುದು ಅವರ ಯೋಚನೆ.

ಉಪಾಯ ಸರಳ. ಮದುವೆ ಮನೆಯಲ್ಲಿ ಉಗ್ರಾಣದ ಬಾಗಿಲಲ್ಲಿ ಒಬ್ಬ ಹಿರಿಯರು ನೋಟುಪುಸ್ತಕ ಹಿಡಿದು ಕೂತಿರುತ್ತಿದ್ದರಲ್ಲ, ಹಾಗೆ ಒಂದೊಂದು ಯಂತ್ರದ ಹೆಸರಿನಲ್ಲೂ ಒಂದು ಪಟ್ಟಿ. ಡ್ರೈವರ್ ಏನು ತಂದರೂ ಉಗ್ರಾಣಿ ಅದನ್ನು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಜೊತೆಗೆ ಅದನ್ನು ಹಿಂದಿರುಗಿಸುವುದು ಹೇಗೆ ಎಂಬುದನ್ನೂ ಬರೆದಿಡುತ್ತಾನೆ. ಯಂತ್ರ ಹೊರಟಿತೋ, ಅಥವಾ ಶುರುವಿನಲ್ಲೇ ಎಡವಿತೋ, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾ ಒಂದೊಂದನ್ನೇ ಕೊಟ್ಟುಬಿಡುತ್ತಾನೆ. ಮೂರು ಬಂದಿದ್ದರೆ ಮೂರು, ಐದು ಬಂದಿದ್ದರೆ ಐದು. ಈ ಏರ್ಪಾಡಿಗೆ ಡೆವ್‌ರೆಸ್ ಎಂದು ಹೆಸರು. ಪಟ್ಟಿಗೆ ಸೇರುವ ಆಜ್ಞೆಗಳ ಮುಂದೆ ಡೆವ್‌ಎಮ್ ಎಂಬ ಗುರುತು ಇರುತ್ತದೆ. ಮೆಮೊರಿ, ವಿಳಾಸ, ಗಂಟೆ ಎಲ್ಲಕ್ಕೂ ಈ ಅನುಕೂಲ ಬಂತು. 2020ರಲ್ಲಿ ನೆಟ್‌ವರ್ಕ್ ಡ್ರೈವರಿನ ನೋಂದಣಿಗೂ ಅದು ಬಂತು. ನೂರಾರು ಸಾಲುಗಳ ಏಣಿಗಳು ಡ್ರೈವರುಗಳಿಂದ ಮಾಯವಾದವು.

ಆದರೂ ಹಿರಿಯರ ಅನುಮಾನ

ಇಷ್ಟೆಲ್ಲ ಒಳ್ಳೆಯದಾದ ಮೇಲೂ ಲಿನಕ್ಸಿನ ನೆಟ್‌ವರ್ಕ್ ವಿಭಾಗವನ್ನು ನೋಡಿಕೊಳ್ಳುವ ಹಿರಿಯರು ತಲೆಯಾಡಿಸಲಿಲ್ಲ. ತಾನಾಗಿಯೇ ಸ್ವಚ್ಛ ಮಾಡುತ್ತೇನೆಂಬ ಭರವಸೆಗಳ ಬಗ್ಗೆ ನಮಗೆ ಅನುಮಾನವಿದೆ, ಬಳಸಿದರೆ ಒಪ್ಪುತ್ತೇವೆ, ಆದರೆ ಅದೇ ನಮಗೆ ಮೆಚ್ಚಿನ ಪದ್ಧತಿಯಲ್ಲ ಎಂಬ ಅರ್ಥದ ಮಾತು ಅವರ ಲಿಖಿತ ನಿಯಮಗಳಲ್ಲೇ ಇದೆ. ಹೊಸದಕ್ಕೆ ಹಳಬರ ಗೊಣಗಾಟ ಎಂದುಕೊಳ್ಳಬೇಡಿ. ಕಾರಣಗಳಿವೆ.

ಮೊದಲ ಕಾರಣ, ಅರ್ಧ ಕೈಕೆಲಸ, ಅರ್ಧ ಉಗ್ರಾಣಿಯ ಕೆಲಸ. ಚಪ್ಪರಕ್ಕೆ ಸೀರಿಯಲ್ ಲೈಟು ಹಾಕಿದ್ದೀರಿ. ಲೈಟಿನ ಕರೆಂಟು ತೆಗೆಯುವುದನ್ನು ಉಗ್ರಾಣಿಗೆ ವಹಿಸಿದ್ದೀರಿ. ಅವನು ಬರುವುದು ನಾಳೆ ಬೆಳಿಗ್ಗೆ. ನೀವು ರಾತ್ರಿಯೇ ಚಪ್ಪರ ಕಿತ್ತಿರಿ. ಕರೆಂಟಿರುವ ತಂತಿ ನೆಲದ ಮೇಲೆ! ಡ್ರೈವರಿನಲ್ಲೂ ಇದೇ ಆಗುತ್ತದೆ. ಉಗ್ರಾಣಿ ಪಟ್ಟಿ ತೆರೆಯುವುದು ಡ್ರೈವರ್ ತನ್ನ ವಿದಾಯದ ಕೆಲಸವನ್ನೆಲ್ಲ ಮುಗಿಸಿದ ಮೇಲೆ. ಗಂಟೆಯನ್ನು ಪಟ್ಟಿಗೆ ಬಿಟ್ಟು ಮೆಮೊರಿಯನ್ನು ಕೈಯಾರೆ ಮೊದಲೇ ಹಿಂದಿರುಗಿಸಿದರೆ, ನಡುವಿನ ಕ್ಷಣದಲ್ಲಿ ಗಂಟೆ ಬಾರಿಸಬಹುದು. ಆಗ ಡ್ರೈವರ್ ಎದ್ದು ಹೋಗಿ ಕೈ ಹಾಕುವುದು ತನ್ನದಲ್ಲದ ಜಾಗಕ್ಕೆ.

ಎರಡನೆಯದು, ಪಟ್ಟಿ ಓದುವ ಹೊತ್ತು. ಉಗ್ರಾಣಿ ಕೊಡುವುದು ಯಂತ್ರ ಹೊರಟಾಗ ಮಾತ್ರ. ಆದರೆ ನೆಟ್‌ವರ್ಕನ್ನು ದಿನಕ್ಕೆ ಹತ್ತು ಸಲ ಆಫ್ ಮಾಡಿ ಆನ್ ಮಾಡುವುದುಂಟು, ಕಾರ್ಡು ಮಾತ್ರ ಅಲ್ಲೇ ಇರುತ್ತದೆ. ಆನ್ ಮಾಡಿದಾಗಲೆಲ್ಲ ಹೊಸ ಎಲೆಗಳನ್ನು ತಂದು ಪಟ್ಟಿಗೆ ಬರೆಸುತ್ತಾ ಹೋದರೆ? ಪಟ್ಟಿ ಉದ್ದವಾಗುತ್ತದೆ, ಹಳೆಯ ಎಲೆಗಳು ರಾಶಿಯಾಗುತ್ತವೆ. ಲೆಕ್ಕ ಸರಿಯಾಗಿದೆ, ಮನೆ ಮಾತ್ರ ತುಂಬಿಹೋಗಿದೆ!

ಮೂರನೆಯದು, ಕಣ್ಣಿಗೆ ಕಾಣಬೇಕು ಎಂಬುದು. ಲಿನಕ್ಸಿಗೆ ಬರುವ ಪ್ರತಿಯೊಂದು ತಿದ್ದುಪಡಿಯನ್ನೂ ಮತ್ತೊಬ್ಬರು ಓದಿ ಪರೀಕ್ಷಿಸುತ್ತಾರೆ. ಎಲ್ಲಿ ತಂದರು, ಎಲ್ಲಿ ಕೊಟ್ಟರು ಎಂಬುದು ಒಂದೇ ಪುಟದಲ್ಲಿ ಕಂಡರೆ ತಪ್ಪು ಬೇಗ ಸಿಗುತ್ತದೆ. ಕೊಡುವ ಕೆಲಸ ತೆರೆಯ ಹಿಂದೆ ನಡೆದರೆ, ಓದುವವರು ಅದನ್ನು ಊಹಿಸಿಕೊಳ್ಳಬೇಕು. 2023ರಲ್ಲಿ ಲಿನಕ್ಸಿಗೆ ಇನ್ನೊಂದು ಬಗೆಯ ಅನುಕೂಲ ಬಂತು. ಹಾಕಿದ ಬೀಗವನ್ನು ಆ ಕೆಲಸದ ಭಾಗ ಮುಗಿದೊಡನೆ ತಾನಾಗಿಯೇ ತೆಗೆಯುವ ಏರ್ಪಾಡು ಅದು. ಅದಕ್ಕೂ ನೆಟ್‌ವರ್ಕ್ ವಿಭಾಗದವರು ಮಿತಿ ಹಾಕಿದರು. 20 ಸಾಲಿಗಿಂತ ಉದ್ದದ ಕಾರ್ಯಗಳಲ್ಲಿ ಅದನ್ನು ಬಳಸದಿರುವುದೇ ಲೇಸು ಎಂದರು. ಚಿಕ್ಕ ಕೋಣೆಯಾದರೆ ಬಾಗಿಲು ಯಾವಾಗ ಮುಚ್ಚಿತು, ಯಾವಾಗ ತೆರೆಯಿತು ಎಂದು ಕಣ್ಣಿಗೆ ಕಾಣುತ್ತದೆ. ದೊಡ್ಡ ಛತ್ರದಲ್ಲಿ ಹೇಗೆ ಕಂಡೀತು?

ಇನ್ನೊಂದು ದಾರಿಯೂ ಇದೆ. ರಸ್ಟ್ ಎಂಬ ಹೊಸ ಭಾಷೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಬ್ಬ ಒಡೆಯ ಇರಲೇಬೇಕು. ಒಡೆಯನ ಕೆಲಸ ಮುಗಿದೊಡನೆ ವಸ್ತು ಹಿಂದಿರುಗುತ್ತದೆ. ಹಿಂದಿರುಗಿಸಿದ್ದನ್ನು ಮತ್ತೆ ಮುಟ್ಟುವಂತೆ ಬರೆದರೆ, ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಹಂತದಲ್ಲೇ ತಕರಾರು ಬರುತ್ತದೆ. 2022ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 6.1 ಆವೃತ್ತಿಯಲ್ಲಿ ರಸ್ಟಿಗೆ ಮೊದಲ ಬಾಗಿಲು ತೆರೆಯಿತು. 2024ರಲ್ಲಿ ಬಂದ 6.8 ಆವೃತ್ತಿಯಲ್ಲಿ ಒಂದು ಪುಟ್ಟ ನೆಟ್‌ವರ್ಕ್ ಚಿಪ್ಪಿನ ಡ್ರೈವರನ್ನು ಆ ಭಾಷೆಯಲ್ಲಿ ಬರೆದು ಸೇರಿಸಿದರು. ಆದರೆ ಈಗಿರುವ ಸಾವಿರಾರು ಡ್ರೈವರುಗಳು ಸಿ ಭಾಷೆಯವೇ. ಅವನ್ನು ನೋಡಿಕೊಳ್ಳುವವರಿಗೆ ಉಗ್ರಾಣಿಯೂ ಬೇಕು, ಏಣಿ ಇಳಿಯುವ ಅಭ್ಯಾಸವೂ ಬೇಕು.

ಹಾಗಾದರೆ ಯಾರದು ಸರಿ? ಮರೆಯುವುದು ಮನುಷ್ಯರ ಸ್ವಭಾವ, ಆದ್ದರಿಂದ ಪಟ್ಟಿ ಬೇಕು ಎಂಬುದು ಸರಿ. ಪಟ್ಟಿ ಇದೆಯೆಂದು ಯೋಚನೆ ಬಿಡಬಾರದು ಎಂಬುದೂ ಸರಿ. ಉಗ್ರಾಣಿ ಎಷ್ಟೇ ಚುರುಕಾಗಿದ್ದರೂ ಯಾವುದು ಮೊದಲು ಬರಬೇಕು, ಯಾವುದು ಯಾವಾಗ ಹೋಗಬೇಕು ಎಂದು ಹೇಳಬೇಕಾದವರು ಮನೆಯವರೇ.

ಮನೆಯಲ್ಲೇ ಆಡಿ ನೋಡಿ

ಇಬ್ಬರು ಅಥವಾ ಮೂವರು ಸೇರಿ. ಅಜ್ಜ ಅಥವಾ ಅಜ್ಜಿ ಉಗ್ರಾಣಿಯಾಗಲಿ. ಹತ್ತು ಚೀಟಿ ಮಾಡಿಕೊಳ್ಳಿ.

1. ಮಕ್ಕಳು ಡ್ರೈವರ್ ಆಗಿ ಮನೆಯ ಸಾಮಾನುಗಳನ್ನು ಒಂದೊಂದಾಗಿ ಕೇಳಿ ಪಡೆಯಲಿ. ಮೊದಲು ಚಾಪೆ, ಚಾಪೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ, ಹೀಗೆ.

2. ಪ್ರತಿ ಸಾಮಾನಿಗೂ ಉಗ್ರಾಣಿ ಒಂದು ಚೀಟಿ ಬರೆದು ಒಂದರ ಮೇಲೊಂದು ಇಡಲಿ.

3. ಮೂರನೆಯವರು ಯಾವಾಗ ಬೇಕಾದರೂ "ನಿಲ್ಲಿ" ಎನ್ನಲಿ. ಆಗ ಮೇಲಿನ ಚೀಟಿಯಿಂದ ಶುರುಮಾಡಿ ಒಂದೊಂದೇ ಹಿಂದಿರುಗಿಸಿ.

4. ಇನ್ನೊಮ್ಮೆ ಆಡುವಾಗ ಕೆಳಗಿನ ಚೀಟಿಯಿಂದ ಶುರುಮಾಡಿ. ತಟ್ಟೆ, ಲೋಟಗಳು ಮೇಲಿರುವಾಗಲೇ ಚಾಪೆ ಎಳೆಯಬೇಕಾಗುತ್ತದೆ! ತಿರುಗುಮುರುಗಾಗಿ ಏಕೆ ಕೊಡಬೇಕೆಂದು ಆಗ ತಾನೇ ತಿಳಿಯುತ್ತದೆ. ಲೋಟ ಸ್ಟೀಲಿನದೇ ಇರಲಿ.

5. ಕೊನೆಗೆ ಚೀಟಿಯೇ ಇಲ್ಲದೆ ಆಡಿ. ಹತ್ತು ಸಾಮಾನಿನಲ್ಲಿ ಎಷ್ಟು ಮರೆತುಹೋಯಿತು, ಎಣಿಸಿ.